ಕಳಿಸದ ಕಾಗದ

ನಮ್ಮ ಕಡೆ ಸತ್ತವರ ಸಾಮಾನುಗಳಿಗೆಲ್ಲ ಒಂದೊಂದು ವ್ಯವಸ್ಥೆ ಇದೆ. ಉಟ್ಟ ಬಟ್ಟೆ ಯಾರಿಗೆ, ಹಾಸಿಗೆ ಯಾರಿಗೆ, ಕೊಡೆ ಚಪ್ಪಲಿ ದಾನ ಕೊಡುವುದು ಯಾವತ್ತು ಎಂಬುದನ್ನೆಲ್ಲ ಹಿರಿಯರು ಹೇಳಿಟ್ಟು ಹೋಗಿದ್ದಾರೆ. ಕನ್ನಡಕದ ವಿಷಯದಲ್ಲಿ ಮಾತ್ರ ಸ್ವಲ್ಪ ತಕರಾರು. ಯಾರ ಕಣ್ಣಿಗೂ ಆಗುವುದಿಲ್ಲ, ಬಿಸಾಡಲು ಮನಸ್ಸೂ ಬರುವುದಿಲ್ಲ, ಕೊನೆಗೆ ಬೀರುವಿನ ಒಂದು ಮೂಲೆ ಸೇರಿಬಿಡುತ್ತದೆ. ಆದರೆ ಒಬ್ಬರು ಅಟ್ಟದ ಮೇಲೆ ಒಂದು ಕಂಪ್ಯೂಟರು, ಒಂದು ಮೋಡೆಮ್ಮು, ಒಂದು ಕ್ಯಾಸೆಟ್ಟು ಬಿಟ್ಟು ಹೋದರೆ ಏನು ಮಾಡಬೇಕು? ಪುರೋಹಿತರನ್ನು ಕೇಳುವ ಹಾಗಿಲ್ಲ. ನಾನು ಶಿಕಾರಿಪುರದಲ್ಲಿ ಗಣಿತದ ಮೇಷ್ಟ್ರಮ್ಮ. ಲೆಕ್ಕವಾದರೆ ಬಿಡಿಸಿಯೇನು. ಇದು ಲೆಕ್ಕದ ಹಾಗೆ ಕಂಡು ಲೆಕ್ಕವಾಗದೆ ಉಳಿಯಿತು.

ಹೋದ ಬೇಸಿಗೆಯಲ್ಲಿ ಸೊರಬದ ಚಿಕ್ಕಮ್ಮನ ಮನೆಯ ಹೆಂಚು ಇಳಿಸಿ ಪಕಾಸಿ ಬದಲಾಯಿಸಬೇಕಾಯಿತು. ಅಟ್ಟ ಖಾಲಿ ಮಾಡಲು ನಾನೂ ಹೋಗಿದ್ದೆ. ಉಪ್ಪಿನಕಾಯಿ ಭರಣಿಗಳು, ತೊಟ್ಟಿಲು, ತಿದಿ ಹರಿದ ಹಾರ್ಮೋನಿಯಂ ಪೆಟ್ಟಿಗೆ ಇವುಗಳ ಹಿಂದೆ ಗೋಣಿಚೀಲದಲ್ಲಿ ಸುತ್ತಿದ ಚಿಕ್ಕಪ್ಪನ ಕಂಪ್ಯೂಟರು ಸಿಕ್ಕಿತು. ನೋಡಿದ ಕೂಡಲೇ ನನಗೆ ಗುರುತು ಹತ್ತಿತು. ಕಾಲೇಜಿನ ರಜೆಗಳಲ್ಲಿ ನನಗೆ ಬೇಸಿಕ್ ಭಾಷೆ ಕಲಿಸಿದ್ದು ಅದೇ ಯಂತ್ರ.

ಅದರ ಹೆಸರು ಬಿಬಿಸಿ ಮೈಕ್ರೋ. ಇಂಗ್ಲೆಂಡಿನ ಬಿಬಿಸಿಯವರು ಜನರಿಗೆ ಕಂಪ್ಯೂಟರು ಕಲಿಸುವ ಕಾರ್ಯಕ್ರಮ ಮಾಡಲು ಹೊರಟಾಗ ಕೇಂಬ್ರಿಜ್ಜಿನ ಏಕಾರ್ನ್ ಕಂಪನಿಯವರು 1981ರಲ್ಲಿ ತಯಾರಿಸಿಕೊಟ್ಟದ್ದು. ಕೀಲಿಮಣೆ, ಯಂತ್ರ ಎರಡೂ ಒಂದೇ ಪೆಟ್ಟಿಗೆ. ಪರದೆಯ ಬದಲಿಗೆ ಮನೆಯ ಟಿವಿಯೇ ಸಾಕು. ಒಟ್ಟು ನೆನಪಿನ ಶಕ್ತಿ 32 ಕೆಬಿ. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರೊಳಗೆ ಹಿಡಿಸುವುದಿಲ್ಲ! ನಮ್ಮ ದೇಶಕ್ಕೆ ಇವು ಬಂದದ್ದು 1984-85ರಲ್ಲಿ, ಕ್ಲಾಸ್ ಎಂಬ ಯೋಜನೆಯಲ್ಲಿ. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ಎನ್‌ಸಿಇಆರ್‌ಟಿ ಸೇರಿ ಮೊದಲು ಸುಮಾರು 250 ಶಾಲೆಗಳಿಗೆ ಈ ಯಂತ್ರಗಳನ್ನು ಹಂಚಿದ್ದವು. ನಮ್ಮಲ್ಲಿ ಎಷ್ಟೋ ಜನ ಮೇಷ್ಟರುಗಳು ಜೀವಮಾನದಲ್ಲಿ ಮುಟ್ಟಿದ ಮೊದಲ ಕಂಪ್ಯೂಟರು ಇದೇ. ಚಿಕ್ಕಪ್ಪ ವಿಜ್ಞಾನದ ಮೇಷ್ಟರು. ಅವರು ಪಾಠ ಮಾಡುತ್ತಿದ್ದ ಶಾಲೆಗೆ ಹೊಸ ಕಂಪ್ಯೂಟರು ಬಂದು ಇದು ಗುಜರಿ ಸೇರುವುದರಲ್ಲಿದ್ದಾಗ ಹರಾಜಿನಲ್ಲಿ ಕೂಗಿ ಮನೆಗೆ ತಂದರು. ಚಿಕ್ಕಮ್ಮ ಅದನ್ನು 'ಸವತಿ' ಎಂದು ಕರೆಯುತ್ತಿದ್ದರು, ನಗುತ್ತಲೇ.

ಚಿಕ್ಕಪ್ಪನಿಗೆ ಅದರಲ್ಲಿ ಕನ್ನಡ ಮೂಡಿಸುವ ಹುಚ್ಚು. ಲೆಕ್ಕದ ಪುಸ್ತಕದ ಚೌಕಗಳಲ್ಲಿ ಉದ್ದಕ್ಕೆ ಎಂಟು, ಅಡ್ಡಕ್ಕೆ ಎಂಟು ಚುಕ್ಕಿ ಹಾಕಿ, ರಂಗೋಲಿಯ ಹಾಗೆ, ಒಂದೊಂದೇ ಅಕ್ಷರ ಕೂರಿಸುತ್ತಿದ್ದರು. ಯಂತ್ರ ಅದಕ್ಕೆಂದು ಕೊಟ್ಟಿದ್ದ ಜಾಗ 32 ಅಕ್ಷರಗಳಿಗೆ ಮಾತ್ರ. ನಮ್ಮ ಕಾಗುಣಿತ, ಒತ್ತಕ್ಷರ ಅದರಲ್ಲಿ ಎಲ್ಲಿ ಹಿಡಿಸಬೇಕು? ಕೊನೆಗೆ ಸೋತು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯತೊಡಗಿದರು. ಬರೆದದ್ದನ್ನು ಸಾಧಾರಣ ಟೇಪ್‌ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ತುಂಬಿಡುತ್ತಿದ್ದರು. ಅಟ್ಟದಲ್ಲಿ ಸಿಕ್ಕಿದ್ದೂ ಒಂದು ಭಕ್ತಿಗೀತೆಯ ಕ್ಯಾಸೆಟ್ಟು. ಅಳಿಸಿ ಹೊಸದಾಗಿ ತುಂಬುವುದಕ್ಕೆ ಅದರ ಮೂಲೆಯ ತೂತಿಗೆ ಅಂಟುಪಟ್ಟಿ ಹಚ್ಚಿದ್ದರು, ನಾವೆಲ್ಲ ಆಗ ಮಾಡುತ್ತಿದ್ದ ಹಾಗೆ. ಮೇಲೆ ಚಿಕ್ಕಪ್ಪನ ದುಂಡು ಅಕ್ಷರದಲ್ಲಿ 'ಪುಟ್ಟನಿಗೆ' ಎಂದಿತ್ತು.

ಪುಟ್ಟ ಎಂದರೆ ಅವರ ಒಬ್ಬನೇ ಮಗ. 1995ರಲ್ಲಿ ಓದಲು ಅಮೆರಿಕಕ್ಕೆ ಹೋದವನು ಅಲ್ಲೇ ಉಳಿದ. ಹೋಗುವಾಗ ಖರ್ಚಿಗೆ ಅಡಿಕೆ ತೋಟದ ಒಂದು ಭಾಗ ಮಾರುವ ಮಾತು ಬಂತು. ಚಿಕ್ಕಪ್ಪ ಒಪ್ಪಲಿಲ್ಲ. ಅವನು ಬೇರೆ ಕಡೆ ಸಾಲ ಎತ್ತಿ ಹೋದ. ಹೊರಡುವ ಹಿಂದಿನ ರಾತ್ರಿ ಇಬ್ಬರ ನಡುವೆ ಏನೋ ಮಾತು ಆಯಿತು. ಯಾರು ಏನೆಂದರು ಎಂಬುದನ್ನು ಒಬ್ಬೊಬ್ಬರು ಒಂದೊಂದು ತರಹ ಹೇಳುತ್ತಾರೆ. ಆಮೇಲೆ ಫೋನು ಬಂದರೆ ತಾಯಿಯ ಹತ್ತಿರ ಮಾತ್ರ ಮಾತು. ಚಿಕ್ಕಪ್ಪ ಪಡಸಾಲೆಯಲ್ಲಿ ಪೇಪರು ಓದುತ್ತ ಕೂತಿರುತ್ತಿದ್ದರು. 2003ರಲ್ಲಿ ಅವರು ತೀರಿಕೊಂಡಾಗ ಪುಟ್ಟ ಬಂದ, ಕರ್ಮ ಮುಗಿಸಿದ, ಹೋದ.

ಕ್ಯಾಸೆಟ್ಟಿನ ಸುದ್ದಿಯನ್ನು ನಾನೇ ಅವನಿಗೆ ತಿಳಿಸಿದೆ. ಈಗ ಅನಿಸುತ್ತದೆ, ಮೊದಲು ಚಿಕ್ಕಮ್ಮನನ್ನು ಒಂದು ಮಾತು ಕೇಳಬೇಕಿತ್ತು. ಅವನು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ಅಕ್ಕಾ, ಹ್ಯಾಗಾದ್ರೂ ಮಾಡಿ ಅದನ್ನ ಪ್ರಿಂಟ್ ತೆಗೆದು ಕಳಿಸ್ತೀಯಾ?" ಎಂದ. ಐವತ್ತು ದಾಟಿದ ಗಂಡಸಿನ ದನಿ ಹಾಗೆ ಆದದ್ದನ್ನು ನಾನು ಕೇಳಿರಲಿಲ್ಲ. ಆಯ್ತು ಕಣೋ ಎಂದುಬಿಟ್ಟೆ.

ಯಂತ್ರವನ್ನು ಶಿಕಾರಿಪುರಕ್ಕೆ ತಂದು ಪರಿಚಯದ ಟಿವಿ ರಿಪೇರಿಯವರಿಗೆ ಕೊಟ್ಟೆ. ಈ ಹಳೆಯ ಯಂತ್ರಗಳಲ್ಲಿ ವಿದ್ಯುತ್ ಬರುವ ಕಡೆಯ ಕಂಡೆನ್ಸರುಗಳು ವಯಸ್ಸಾದಂತೆ ಬಿರುಕು ಬಿಟ್ಟು ತೇವ ಕುಡಿದಿರುತ್ತವೆ. ಹಾಗೇ ಸ್ವಿಚ್ಚು ಹಾಕಿದರೆ ಪಟ್ಟೆಂದು ಹೊಡೆದು ಮನೆಯೆಲ್ಲ ಹೊಗೆ. ಅವನ್ನು ಬದಲಾಯಿಸಿ ಸ್ವಿಚ್ಚು ಹಾಕಿದಾಗ, ಮೂವತ್ತು ವರ್ಷದ ಹಿಂದೆ ಕೇಳಿದ ಅದೇ ಎರಡು ಸ್ವರದ ಬೀಪ್ ಬಂತು. ನಾನು ಅಂಗಡಿಯಲ್ಲೇ ಕಣ್ಣೊರೆಸಿಕೊಂಡೆ. ಅವರು ಹೊಗೆ ಬಂತೇನೋ ಅಂದುಕೊಂಡರು.

ಕ್ಯಾಸೆಟ್ಟನ್ನೂ ಶಿಕಾರಿಪುರಕ್ಕೆ ಕೊಡಿ ಎಂದರೆ ಚಿಕ್ಕಮ್ಮ ಕೊಡಲಿಲ್ಲ. "ಅದು ಮನೆ ಬಿಟ್ಟು ಹೊರಗೆ ಹೋಗೋದು ಬೇಡ" ಎಂದರು. ಗುಡಿಗಾರರು ಮಾಡಿದ ಶಿವನೆ ಮರದ ಪೆಟ್ಟಿಗೆಯಲ್ಲಿ, ತಾಳಿಸರದ ಪಕ್ಕದಲ್ಲಿ, ಅದನ್ನು ಇಟ್ಟುಕೊಂಡಿದ್ದರು. ಸರಿ, ನಾನೇ ಯಂತ್ರವನ್ನು ಹೊತ್ತು ಬಸ್ಸು ಹತ್ತಿದೆ. ಜೊತೆಗೆ ತಮ್ಮನ ಅಂಗಡಿಯಲ್ಲಿ ಬಿಲ್ಲು ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು, ಒಂದು ದಿನದ ಮಟ್ಟಿಗೆ. ಹೊಸ ಪ್ರಿಂಟರುಗಳಿಗೆ ಈ ಮುದಿ ಯಂತ್ರದ ಭಾಷೆ ತಿಳಿಯುವುದಿಲ್ಲ. ಅಂಗಡಿಯ ಆ ಕರಕರ ಪ್ರಿಂಟರಿಗೆ ಮಾತ್ರ ಹಳೆಯ ಅಗಲ ಪಟ್ಟಿಯ ಕೇಬಲು ಕೂರುತ್ತದೆ.

ಬಸ್ಸು ಶಿರಾಳಕೊಪ್ಪ ಸಮೀಪಿಸುವಾಗ ತಾಳಗುಂದದ ನೆನಪಾಯಿತು. ಅಲ್ಲಿನ ಪ್ರಣವೇಶ್ವರ ಗುಡಿಯ ಮುಂದೆ ಕದಂಬರ ಕಾಲದ ಕಲ್ಲಿನ ಕಂಬವಿದೆ. ಐದನೆಯ ಶತಮಾನದಲ್ಲಿ ಶಾಂತಿವರ್ಮನ ಅಪ್ಪಣೆಯಂತೆ ಕುಬ್ಜ ಎಂಬ ಕವಿ ತಾನು ಕಟ್ಟಿದ ಕಾವ್ಯವನ್ನು ತಾನೇ ಅದರ ಮೇಲೆ ಬರೆದ. ಒಂದೂವರೆ ಸಾವಿರ ವರ್ಷದ ಮೇಲೂ ತಿಳಿದವರು ಅದನ್ನು ಓದುತ್ತಾರೆ, ಯಾವ ಕೇಬಲೂ ಬೇಕಿಲ್ಲ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ನಾನು ಇದನ್ನೇ ದೊಡ್ಡದು ಮಾಡಿ ಹೇಳುತ್ತಿದ್ದೆ. ಆವತ್ತು ತೊಡೆಯ ಮೇಲೆ ಪ್ರಿಂಟರು ಇಟ್ಟುಕೊಂಡು ಕೂತಾಗ ಬೇರೆಯೇ ಹೊಳೆಯಿತು. ಕುಬ್ಜ ಬರೆದದ್ದು ದಾರಿಹೋಕರೆಲ್ಲ ಓದಲಿ ಎಂದು. ಓದಿದರೆ ಅವನಿಗೆ ಸಂತೋಷ. ಚಿಕ್ಕಪ್ಪ ಬರೆದದ್ದು ಹಾಗಲ್ಲವಲ್ಲ.

ಸೊರಬದಲ್ಲಿ ಹಳೆಯ ಟಿವಿ, ಟೇಪ್‌ರೆಕಾರ್ಡರು ಎಲ್ಲ ಜೋಡಿಸಿದೆ. ಟೇಪಿನ ದನಿ ಹೆಚ್ಚಾದರೂ ತಪ್ಪು, ಕಡಿಮೆಯಾದರೂ ತಪ್ಪು. ಅರ್ಧ ಗಂಟೆ ತಿರುಗಿಸಿದ ಮೇಲೆ ಹದ ಸಿಕ್ಕಿತು. ಪರದೆಯ ಮೇಲೆ ಹೆಸರುಗಳು ಬಂದವು: ಪತ್ರ 1, ಪತ್ರ 2, ಹೀಗೆ ಏಳು. ಕಾಗದ ಬರೆಯುವ ತಂತ್ರಾಂಶ ಚಿಕ್ಕಪ್ಪನ ಹತ್ತಿರ ಇರಲಿಲ್ಲವೆಂದು ಕಾಣುತ್ತದೆ. ಬೇಸಿಕ್ ಪ್ರೋಗ್ರಾಮು ಬರೆಯುವ ಹಾಗೆ 10, 20, 30 ಎಂದು ಸಾಲಿಗೊಂದು ಸಂಖ್ಯೆ ಹಾಕಿ ಮಗನಿಗೆ ಕಾಗದ ಬರೆದಿದ್ದರು. ನಡುವೆ ಏನಾದರೂ ನೆನಪಾದರೆ 15 ಎಂದು ತೂರಿಸಬಹುದಲ್ಲ, ಅದಕ್ಕೆ ಹತ್ತರ ಅಂತರ.

ಕೀಲಿ ಒತ್ತಿ ಪ್ರಿಂಟರಿಗೆ ಆಜ್ಞೆ ಕೊಟ್ಟೆ. ಅದರ ತಲೆ ಕರ್ ಎಂದು ಆ ತುದಿಗೆ ಹೋಯಿತು, ಬಂತು. ಮತ್ತೆ ಹೋಯಿತು, ಬಂತು. ಕಾಗದ ಮಾತ್ರ ಮೇಲೆ ಸರಿಯಲೇ ಇಲ್ಲ! ಒಂದರ ಮೇಲೊಂದು, ಒಂದರ ಮೇಲೊಂದು, ಅಪ್ಪನ ಮಾತೆಲ್ಲ ಒಂದೇ ಸಾಲಿನಲ್ಲಿ ಬಿದ್ದು ಕಪ್ಪು ಪಟ್ಟಿಯಾಯಿತು. ಒಂದು ಕಡೆ ಕಾಗದ ಹರಿಯಿತು. ಚಿಕ್ಕಮ್ಮ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಅದೆಂಥದೇ ಮಾರಾಯ್ತಿ, ಹೇಳಿದ ಜಾಗದಲ್ಲೇ ಎಷ್ಟು ಸಲ ಹೇಳ್ತದೆ?" ಎಂದರು.

ಕಾರಣ ನನಗೆ ಗೊತ್ತಿತ್ತು. ಒಂದು ಸಾಲು ಮುಗಿದ ಮೇಲೆ ಕಾಗದವನ್ನು ಮುಂದೆ ತಳ್ಳು ಎಂಬ ಸಂಕೇತವನ್ನು ಬಿಬಿಸಿ ಮೈಕ್ರೋ ತಾನಾಗಿ ಪ್ರಿಂಟರಿಗೆ ಕಳಿಸುವುದಿಲ್ಲ, ಪ್ರಿಂಟರೇ ತಳ್ಳಿಕೊಳ್ಳಲಿ ಎಂದು ಬಿಟ್ಟಿರುತ್ತದೆ. ಅಂಗಡಿಯ ಪ್ರಿಂಟರು ಯಂತ್ರವೇ ಹೇಳಲಿ ಎಂದು ಕಾಯುತ್ತದೆ. ಅವನು ಮೊದಲು ಮಾತಾಡಿಸಲಿ, ಇವನು ಮೊದಲು ಮಾತಾಡಿಸಲಿ ಎನ್ನುವ ಮನೆಗಳನ್ನು ನಾವೆಲ್ಲ ನೋಡಿಲ್ಲವೇ, ಹಾಗೆ. ನಕ್ಷತ್ರದ ಚಿಹ್ನೆ ಹಾಕಿ ಎಫ್‌ಎಕ್ಸ್ 6, 0 ಎಂದು ಟೈಪು ಮಾಡಿದರೆ ಸರಿಹೋಗುತ್ತದೆ. ಹತ್ತು ಸೆಕೆಂಡಿನ ಕೆಲಸ. ನನ್ನ ಬೆರಳು ಕೀಲಿಯ ಮೇಲಿತ್ತು.

"ಸಾಕು, ಬಿಡು" ಎಂದರು ಚಿಕ್ಕಮ್ಮ. ಕಾಫಿ ಲೋಟ ಇಟ್ಟು ಪಕ್ಕದಲ್ಲಿ ಕೂತರು. "ಮೂವತ್ತೈದು ವರ್ಷ ಒಟ್ಟಿಗೆ ಇದ್ದೆ. ನಂಗೂ ತೋರಿಸದೆ ಇಟ್ರು ಅಂದ್ರೆ ಯಾರಿಗೂ ತೋರಿಸೋದು ಬೇಡ ಅಂತ ತಾನೇ? ಸತ್ತ ಮೇಲೆ ಬಾಯಿ ಬಿಡಿಸ್ತೀಯಲ್ಲ, ಅವರು ಬೇಡ ಅನ್ನೋದಾದ್ರೂ ಹ್ಯಾಗೆ?"

ನಾನು ಹೇಳಿದೆ, "ಪುಟ್ಟನ ಹೆಸರು ಹಾಕಿದಾರಲ್ಲ ಚಿಕ್ಕಮ್ಮ. ಅವನದೇ ಕಾಗದ ಅಲ್ವಾ?"

"ಹೆಸರು ಹಾಕಿದ್ರು. ಕಳಿಸಿದ್ರಾ?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಾಗದ ಯಾರ ಸ್ವತ್ತು? ಅಂಚೆ ಕಾಗದವಾದರೆ ಕೆಂಪು ಡಬ್ಬಿಯ ಬಾಯಿಯೇ ಗಡಿ. ಅದರೊಳಗೆ ಬೀಳುವ ತನಕ ಬರೆದವರದು. ಹರಿಯಬಹುದು, ತಿದ್ದಬಹುದು, ದಿಂಬಿನ ಕೆಳಗೆ ಇಟ್ಟುಕೊಳ್ಳಬಹುದು. ಬಿದ್ದ ಮೇಲೆ ಕೈಯಲ್ಲಿಲ್ಲ. ಡಬ್ಬಿಗೆ ಹಾಕಲೆಂದು ಹೊರಟವರು ದಾರಿಯಲ್ಲೇ ಬಿದ್ದು ಸತ್ತರೆ, ಜೇಬಿನಲ್ಲಿದ್ದ ಕಾಗದವನ್ನು ತಲುಪಿಸುವುದು ಉಳಿದವರ ಕರ್ತವ್ಯ ಎಂದು ನಾನಂತೂ ನಂಬುತ್ತೇನೆ. ಆದರೆ ಡಬ್ಬಿಯ ತನಕ ಹೋಗಿ ಕೈ ಹಿಂದೆ ತೆಗೆದುಕೊಂಡವರ ಕಾಗದವನ್ನು ನಾವು ಹಾಕಬಹುದೇ? ಕಾಫ್ಕಾ ಎಂಬ ಲೇಖಕ ತನ್ನ ಹಸ್ತಪ್ರತಿಗಳನ್ನೆಲ್ಲ ಸುಟ್ಟುಬಿಡು ಎಂದು ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಬರೆದಿಟ್ಟಿದ್ದ. 1924ರಲ್ಲಿ ಕಾಫ್ಕಾ ಸತ್ತ. ಗೆಳೆಯ ಸುಡದೆ ಮರುವರ್ಷವೇ ಒಂದು ಕಾದಂಬರಿ ಅಚ್ಚು ಹಾಕಿಸಿದ. ಲೋಕ ಅವನಿಗೆ ಕೃತಜ್ಞವಾಗಿದೆ. ಲೋಕಕ್ಕೇನು, ಓದಲು ಸಿಕ್ಕಿತು! ಕಾಫ್ಕಾನನ್ನು ಕೇಳಿದವರಿಲ್ಲ. ಅಲ್ಲಾದರೂ ಬೇಡ ಎಂಬ ಮಾತು ಸ್ಪಷ್ಟವಾಗಿತ್ತು. ನಮ್ಮ ಚಿಕ್ಕಪ್ಪ ಬೇಕು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಚಿಕ್ಕಪ್ಪನ ಕಾಗದಕ್ಕೆ ಡಬ್ಬಿಯ ಬಾಯಿ ಯಾವುದು ಎಂದು ಯೋಚಿಸಿದೆ. ಮೋಡೆಮ್ಮು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್‌ನವರು ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದರು. ಚಿತ್ರಗಿತ್ರ ಇಲ್ಲದೆ ಬರೀ ಅಕ್ಷರ ಬರುವ ಅಗ್ಗದ ಸಂಪರ್ಕವೂ ಇತ್ತು. ಅದಕ್ಕೆ ಬಿಬಿಸಿ ಮೈಕ್ರೋದಂಥ ಯಂತ್ರವೂ ಸಾಕು. ಬೆಂಗಳೂರಿನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಲೆಕ್ಕವನ್ನು ಮೇಷ್ಟರಿಗೆ ಬಳಸಲು ಕೊಟ್ಟಿದ್ದ. ಎಸ್.ಪಿ. ರಸ್ತೆಯಲ್ಲಿ ಯಾರೋ ಬಳಸಿ ಬಿಟ್ಟ ಮೋಡೆಮ್ಮು ಕೊಂಡು, ತಾವೇ ಬೆಸುಗೆ ಹಾಕಿ ತಂತಿ ಮಾಡಿದರು. ಸೊರಬದಿಂದ ಬೆಂಗಳೂರಿಗೆ ಎಸ್‌ಟಿಡಿ. ರಾತ್ರಿ ಹೊತ್ತು ದರ ಕಾಲುಭಾಗಕ್ಕೆ ಇಳಿದ ಮೇಲೆ ಡಯಲು ಮಾಡುವುದು.

1996ರ ಮಳೆಗಾಲದಲ್ಲಿ ಒಂದು ರಾತ್ರಿ ನಾನೂ ಅಲ್ಲಿದ್ದೆ. ಮೋಡೆಮ್ಮು ಕೀಂ ಎಂದು ಕೂಗಿತು, ಆ ಕಡೆಯಿಂದ ಇನ್ನೊಂದು ಕೂಗು, ಆಮೇಲೆ ಹೆಂಚಿನ ಮೇಲೆ ಮಳೆ ಹೊಡೆದ ಹಾಗೆ ಸದ್ದು. "ಏನು ಮಾತಾಡ್ತಾವೆ ಚಿಕ್ಕಪ್ಪ?" ಎಂದೆ. "ಇನ್ನೂ ಮಾತು ಶುರುವಾಗಿಲ್ಲ ಕಣೇ. ಎಷ್ಟು ವೇಗದಲ್ಲಿ ಮಾತಾಡೋಣ ಅಂತ ಮೊದಲು ಇಬ್ರೂ ಒಪ್ಪಂದಕ್ಕೆ ಬರಬೇಕು. ನಮ್ಮದು ನಿಧಾನ. ಅದಕ್ಕಿಂತ ಜೋರು ಓಡೋಕೆ ನಮಗೆ ಬರಲ್ಲ. ಆ ಕಡೆಯವನೇ ಇಳಿದು ಬರಬೇಕು" ಎಂದರು. ಆವತ್ತು ನನಗೆ ಅದು ಮೋಡೆಮ್ಮಿನ ಪಾಠ ಮಾತ್ರವಾಗಿತ್ತು.

ಹಾಗಾದರೆ ಮೋಡೆಮ್ಮು ಕೆಲಸ ಮಾಡುತ್ತಿತ್ತೇ? ನನಗೆ ಅದೊಂದೇ ತಿಳಿಯಬೇಕಾಗಿತ್ತು. ಯಂತ್ರ ಕೈಕೊಟ್ಟು ಕಾಗದ ಹೋಗಿಲ್ಲವಾದರೆ ಅದು ದಾರಿಯಲ್ಲಿ ಸಿಕ್ಕಿಬಿದ್ದ ಕಾಗದ, ತಲುಪಿಸಲೇಬೇಕು. ಯಂತ್ರ ಸರಿಯಿದ್ದೂ ಕಳಿಸಿಲ್ಲವಾದರೆ ಚಿಕ್ಕಮ್ಮನ ಮಾತೇ ಸರಿ. ಪ್ರಿಂಟರು ಬಿಚ್ಚಿಟ್ಟು ಮೋಡೆಮ್ಮು ಜೋಡಿಸಲು ಕೂತೆ. ಯಂತ್ರದ ಹಿಂದೆ ಅದಕ್ಕೊಂದು ಐದು ಕಾಲಿನ ದುಂಡು ಪ್ಲಗ್ಗು. ಪಗಡೆಯ ದಾಳದ ಐದರಂತೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಹಾಗಾಗಿ ನೆಟ್ಟಗೂ ಒಳಗೆ ಹೋಗುತ್ತದೆ, ತಲೆಕೆಳಗಾಗಿಯೂ ಹೋಗುತ್ತದೆ. ತಲೆಕೆಳಗಾದರೆ ಮಾತೇ ಇಲ್ಲ. ಪ್ಲಗ್ಗಿನ ಒಂದು ಬದಿಗೆ ಮಾಸಿದ ಬಿಳಿ ಚುಕ್ಕೆ ಇತ್ತು, ಕವಳದ ಸುಣ್ಣದ್ದು. ಅದನ್ನು ಮೇಲೆ ಮಾಡಿ ಹಾಕಿದೆ. ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿ ಚಿಕ್ಕಪ್ಪನೇ ಬರೆದ ಮೋಡೆಮ್ಮಿನ ಪ್ರೋಗ್ರಾಮು ಇತ್ತು. ಓಡಿಸಿ, ಎಟಿ ಎಂಬ ಎರಡು ಅಕ್ಷರ ಒತ್ತಿದೆ. ಅದು ಮೋಡೆಮ್ಮನ್ನು 'ಇದೀಯಾ?' ಎಂದು ಕೇಳುವ ರೀತಿ.

ಓಕೆ ಎಂದು ಬಂತು.

ಯಂತ್ರ ಸರಿಯಿತ್ತು. ಚುಕ್ಕೆ ಹಚ್ಚಿದವರು ದಾರಿ ಕಂಡುಕೊಂಡಿದ್ದರು. ಹಾಗಾದರೆ ತೀರ್ಪು ಚಿಕ್ಕಮ್ಮನ ಕಡೆಗೆ ಎನ್ನಬೇಕು. ಆದರೆ ಅಕ್ಷರ ಕೂರಿಸುತ್ತಿದ್ದ ಆ ಚೌಕದ ಪುಸ್ತಕದ ಹಿಂಭಾಗದಲ್ಲಿ ಚಿಕ್ಕಪ್ಪ ಡಯಲು ಮಾಡಿದ ರಾತ್ರಿಗಳ ಪಟ್ಟಿ ಇಟ್ಟಿದ್ದರು. ಜೂನ್, ಜುಲೈ ತುಂಬ ಒಂದೇ ಮಾತು: ನೋ ಕ್ಯಾರಿಯರ್, ನೋ ಕ್ಯಾರಿಯರ್. ಮಲೆನಾಡಿನ ಮಳೆಯಲ್ಲಿ ಫೋನಿನ ತಂತಿಯ ಗತಿ ನಿಮಗೆ ಗೊತ್ತೇ ಇದೆ. ಆಗಸ್ಟ್ ತಿಂಗಳ ಒಂದು ರಾತ್ರಿ ಮಾತ್ರ: ಕನೆಕ್ಟ್ 1200. ಪಕ್ಕದಲ್ಲಿ ಬೇರೇನೂ ಇಲ್ಲ. ಅದರ ನಂತರ ಪಟ್ಟಿಯೂ ಇಲ್ಲ.

ಆ ರಾತ್ರಿ ಏನಾಯಿತು? ಬಾಗಿಲು ತೆರೆದ ಮೇಲೆ ಒಳಗೆ ಹೋಗಲು ಧೈರ್ಯ ಬರಲಿಲ್ಲವೇ? ಅಥವಾ ಮೀಟರು ಓಡುತ್ತಿರುವಾಗ ಇಡೀ ಕಾಗದವನ್ನು ಒಂದೊಂದೇ ಅಕ್ಷರ ಮತ್ತೆ ಟೈಪು ಮಾಡಬೇಕೆಂದು ತಿಳಿದು, ಮೇಷ್ಟರ ಪಿಂಚಣಿಗೆ ಅದು ದುಬಾರಿಯಾಯಿತೇ? ಅಥವಾ ಆ ಕಡೆಯವನೇ ಇಳಿದು ಬರಲಿ ಎಂದು ಕೂತರೇ? ಯಂತ್ರದಿಂದ ತಿಳಿಯಬಹುದಾದದ್ದು ಓಕೆ ಎಂಬಲ್ಲಿಗೆ ಮುಗಿಯಿತು.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ಆ ರಾತ್ರಿ ಚಿಕ್ಕಮ್ಮ ಮಲಗಿದ ಮೇಲೆ ನಾನು ಮೊದಲ ಕಾಗದವನ್ನು ಪರದೆಗೆ ತಂದೆ. ಪ್ರಿಂಟು ಮಾಡುವಾಗಲೂ ಅದು ಪರದೆಯ ಮೇಲೆ ಸರಿದುಹೋಗಿತ್ತು, ಆಗ ನಾನು ಬೇಕೆಂದೇ ಪ್ರಿಂಟರಿನ ಕಡೆ ನೋಡುತ್ತಿದ್ದೆ. ಈಗ ನೆಪವಿರಲಿಲ್ಲ. 10, 20, 30, ಮೂರು ಸಾಲು ಓದಿದೆ. ಆಮೇಲೆ ಸ್ವಿಚ್ಚು ಆರಿಸಿದೆ. ತೀರ್ಮಾನ ಮಾಡಬೇಕಾದರೆ ಒಳಗೆ ಏನಿದೆ ಎಂದು ತಿಳಿಯಬೇಡವೇ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಸುಳ್ಳು. ಕುತೂಹಲ, ಅಷ್ಟೇ. ಮೂರು ಸಾಲಿನಲ್ಲಿ ಏನಿತ್ತೆಂದು ನೀವೂ ಕೇಳಬೇಡಿ.

ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದ ಚಿಕ್ಕಮ್ಮನಿಗೆ ಚೌಕದ ಪುಸ್ತಕದ ವಿಷಯವನ್ನೂ, ನನ್ನ ಮೂರು ಸಾಲಿನ ವಿಷಯವನ್ನೂ ಹೇಳಿದೆ. ಬೈಯಲಿಲ್ಲ. "ನೋ ಕ್ಯಾರಿಯರ್ ಅಂದ್ರೆ ಎಂತದು?" ಎಂದು ಕೇಳಿದರು. ಆ ಕಡೆಯಿಂದ ದನಿ ಬರ್ತಾ ಇಲ್ಲ ಅಂತ ಎಂದೆ. ದೋಸೆ ಸೀಯುವ ತನಕ ಸುಮ್ಮನೆ ನಿಂತಿದ್ದರು. ಎಷ್ಟು ರಾತ್ರಿ ಎಂದು ಕೇಳಿದರು. ಎಣಿಸಿ ಹೇಳಿದೆ, ಹದಿನಾಲ್ಕು.

ಮಧ್ಯಾಹ್ನ ಊಟವಾದ ಮೇಲೆ ಅವರೇ ಮಗನಿಗೆ ಫೋನು ಹಚ್ಚಿಸಿದರು. "ಪ್ರಿಂಟು ಗಿಂಟು ಎಲ್ಲ ಆಗೋದಿಲ್ಲ. ನಿಂಗೆ ಬೇಕಾದ್ರೆ ನೀನೇ ಬಾ. ಅವರು ಕೂತ್ಕೊಳ್ತಿದ್ದ ಕುರ್ಚಿ ಮೇಲೇ ಕೂತು ಓದು. ಓದಿ ಆದ್ಮೇಲೆ ಆಫ್ ಮಾಡು" ಎಂದರು. ಪುಟ್ಟನಿಗೆ ಸಿಟ್ಟು ಬಂತು. ಮೂವತ್ತು ವರ್ಷ ಕಾದವನನ್ನು ಇನ್ನೂ ಕಾಯಿಸುವುದು ಯಾವ ನ್ಯಾಯ, ಅಷ್ಟರಲ್ಲಿ ಟೇಪು ಹಾಳಾದರೆ ಯಾರು ಹೊಣೆ ಎಂದ. ಅವನ ಮಾತಿನಲ್ಲೂ ಹುರುಳಿತ್ತು. ನನಗೆ ಇವತ್ತಿಗೂ ಪೂರ್ತಿ ಸಮಾಧಾನವಿಲ್ಲ. ಗುಟ್ಟಾಗಿ ಒಂದು ಪ್ರತಿ ಮಾಡಿಡೋಣವೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ, ಮಾಡಿಲ್ಲ. ಚಿಕ್ಕಮ್ಮ ಮಾತ್ರ ಜಗ್ಗಲಿಲ್ಲ. ಎರಡು ವಾರದ ಮೇಲೆ ಅವನೇ ಫೋನು ಮಾಡಿ ಡಿಸೆಂಬರಿಗೆ ಟಿಕೆಟ್ಟು ತೆಗೆದೆ ಎಂದ.

ಪ್ರಿಂಟರು ತಮ್ಮನ ಅಂಗಡಿಗೆ ವಾಪಸು ಹೋಗಿ ಬಿಲ್ಲು ಹೊಡೆಯುತ್ತಿದೆ. ಕಪ್ಪು ಪಟ್ಟಿಯಾದ ಆ ಒಂದು ಹಾಳೆಯನ್ನು ಚಿಕ್ಕಮ್ಮ ನಾಲ್ಕಾಗಿ ಮಡಿಸಿ ಕ್ಯಾಸೆಟ್ಟಿನ ಜೊತೆ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿಯುತ್ತದೆಂದು ನಾನು ತಿಂಗಳಿಗೊಮ್ಮೆ ಸೊರಬಕ್ಕೆ ಹೋಗಿ ಅದನ್ನು ಈ ಕಡೆಯಿಂದ ಆ ಕಡೆಗೆ ಸುತ್ತಿ ಬರುತ್ತೇನೆ. ಹೆಸರುಗಳನ್ನಷ್ಟೇ ತೋರಿಸುವ ಒಂದು ಆಜ್ಞೆ ಇದೆ, ಒಳಗಿನದು ಕಾಣುವುದಿಲ್ಲ. ಚಿಕ್ಕಮ್ಮ ಪಕ್ಕದಲ್ಲಿ ಕೂತು ಬೆರಳು ಮಡಿಸಿ ಎಣಿಸುತ್ತಾರೆ. ಈ ತಿಂಗಳು ಹೋದಾಗಲೂ ಏಳೂ ಇದ್ದವು.